ಲೆನ್ಸ್ ಹಾಕುವ ಕಣ್ಣಿಗೆ ನೀರು ತಾಗಿಸಬೇಡಿ

ಕೊಡಗಿನ ಎಲ್ಲ ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಕನ್ನಡಕದ ಬದಲು ಕಣ್ಣಿನ ಮೇಲೆಯೇ ಹಾಕಿಕೊಳ್ಳುವ ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ.

ಕಣ್ಣಿನ ಕಪ್ಪು ಭಾಗದ ಮೇಲಿರುವ ಪಾರದರ್ಶಕ ಪದರವೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಮ್ಲಜನಕ ಬಹುಪಾಲು ಹೊರಗಿನ ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ ಬರಬೇಕು. ಮೃದು ಲೆನ್ಸಿನ ಅಗಲ ಸುಮಾರು 14 ಮಿಲಿಮೀಟರ್, ಕಾರ್ನಿಯಾದ್ದು 12ರ ಒಳಗೆ. ಹಾಗಾಗಿ ಲೆನ್ಸ್ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಹಗಲಲ್ಲಿ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಲೆನ್ಸ್ ಹಾಕಿಕೊಂಡೇ ಮಲಗಿದರೆ ಮೇಲೆ ರೆಪ್ಪೆ, ಕೆಳಗೆ ಲೆನ್ಸ್. ಆಮ್ಲಜನಕ ಸಾಲದೆ ಕಾರ್ನಿಯಾ ನೀರು ತುಂಬಿ ಊದಿಕೊಳ್ಳುತ್ತದೆ, ಬೆಳಗ್ಗೆ ನೋಟ ಮಂಜು ಮಂಜು. ಇದು ವರ್ಷಗಟ್ಟಲೆ ನಡೆದರೆ ಅಂಚಿನಿಂದ ರಕ್ತನಾಳಗಳು ಒಳಕ್ಕೆ ಬೆಳೆಯತೊಡಗುತ್ತವೆ. ಸಿಲಿಕೋನ್ ಹೈಡ್ರೋಜೆಲ್ ಎಂಬ ಬಗೆಯ ಮೃದು ಲೆನ್ಸ್ ಆಮ್ಲಜನಕವನ್ನು ಎಷ್ಟೋ ಹೆಚ್ಚು ಬಿಡುತ್ತದೆ, ನಿಜ. ಆದರೆ ಮಲಗಿದಾಗಿನ ಸೋಂಕಿನ ಭಯ ಅದರಿಂದ ಹೋಗಿಲ್ಲ. ಪೊಟ್ಟಣದ ಮೇಲೆ ಏನೇ ಬರೆದಿರಲಿ, ರಾತ್ರಿ ತೆಗೆದಿಡಿ.

ಇನ್ನು ನೀರಿನ ವಿಷಯ. ನಮ್ಮಲ್ಲಿ ಬಾವಿ, ತೋಡು, ಛಾವಣಿ ಮೇಲಿನ ಟ್ಯಾಂಕು, ಎಲ್ಲದರ ನೀರೂ ತಿಳಿಯಾಗಿಯೇ ಕಾಣುತ್ತದೆ. ಅಂಥ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಗಟ್ಟಿ ಕವಚ ಕಟ್ಟಿಕೊಂಡರೆ ಅದು ಕ್ಲೋರಿನ್‌ಗೂ ಜಗ್ಗುವುದಿಲ್ಲ. ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಔಷಧಿ. ಇನ್ನೊಂದು ತೊಂದರೆಯೂ ಇದೆ: ಬರೀ ನೀರು ತಾಗಿದರೆ ಮೃದು ಲೆನ್ಸ್ ಉಬ್ಬಿ ಕಣ್ಣಿಗೆ ಅಂಟುತ್ತದೆ, ತೆಗೆಯುವಾಗ ಮೇಲ್ಪದರ ತರಚುತ್ತದೆ. ಆ ತರಚುಗಾಯವೇ ಸೋಂಕಿಗೆ ಬಾಗಿಲು. ಆದ್ದರಿಂದ ಇರ್ಪು ಜಲಪಾತಕ್ಕೆ ತಲೆಯೊಡ್ಡುವ ಮೊದಲು, ದುಬಾರೆಯಲ್ಲಿ ಹೊಳೆಗಿಳಿಯುವ ಮೊದಲು, ಮನೆಯಲ್ಲಿ ಸ್ನಾನಕ್ಕೂ ಮೊದಲು ಲೆನ್ಸ್ ತೆಗೆಯಿರಿ. ಕುದಿಸಿ ಆರಿಸಿದ ನೀರಿನಲ್ಲೂ ಲೆನ್ಸ್ ತೊಳೆಯುವಂತಿಲ್ಲ. ಉಗುಳು ಹಚ್ಚುವವರೂ ಇದ್ದಾರೆ, ದಯವಿಟ್ಟು ಬೇಡ.

ತೊಳೆಯುವುದು ಹೀಗೆ. ಸೋಪು ಹಾಕಿ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಿ. ಲೆನ್ಸನ್ನು ಅಂಗೈ ಮೇಲಿಟ್ಟು, ಸಲ್ಯೂಷನ್, ಅಂದರೆ ಲೆನ್ಸ್ ತೊಳೆಯುವ ದ್ರಾವಣ ಬಿಟ್ಟು, ಬೆರಳ ತುದಿಯಿಂದ ಎರಡೂ ಬದಿ ಸುಮಾರು 20 ಸೆಕೆಂಡು ಉಜ್ಜಿ, ಮತ್ತೆ ಸಲ್ಯೂಷನ್‌ನಲ್ಲೇ ಜಾಲಿಸಿ. ಲೆನ್ಸ್ ಇಡುವ ಡಬ್ಬಿಯಲ್ಲಿ ಉಳಿದ ನಿನ್ನೆಯ ಸಲ್ಯೂಷನ್ ಮೇಲೆ ಹೊಸದನ್ನು ಸುರಿಯುವುದು ಬಹಳ ಜನರ ಉಳಿತಾಯ. ಹಳೆಯದರ ಶಕ್ತಿ ಆಗಲೇ ಕುಗ್ಗಿರುತ್ತದೆ, ಬೆರೆಸಿದ ಸಲ್ಯೂಷನ್ ಕ್ರಿಮಿಗಳನ್ನು ಸರಿಯಾಗಿ ಕೊಲ್ಲುವುದಿಲ್ಲ. ಅದನ್ನು ಚೆಲ್ಲಿ, ಡಬ್ಬಿಯನ್ನು ಸಲ್ಯೂಷನ್‌ನಿಂದಲೇ ತೊಳೆದು, ಚೊಕ್ಕ ಟಿಶ್ಯೂನಿಂದ ಒರೆಸಿ ಬೋರಲು ಹಾಕಿ. ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆಯೇ ಒಣಗದು, ಡಬ್ಬಿ ತಾನಾಗಿ ಒಣಗೀತೆಂದು ಬಚ್ಚಲಿನಲ್ಲಿ ಬಿಡಬೇಡಿ. ಮೂರು ತಿಂಗಳಿಗೊಮ್ಮೆ ಹೊಸ ಡಬ್ಬಿ. ಇಷ್ಟೆಲ್ಲ ಆಗದವರಿಗೆ ದಿನ ಬಳಸಿ ಎಸೆಯುವ ಲೆನ್ಸೇ ವಾಸಿ, ದುಡ್ಡು ಜಾಸ್ತಿಯಾದರೂ.

ಮರಕಪಾತು (ತೋಟದ ಮರಗಳ ಕೊಂಬೆ ಕಡಿಯುವುದು), ಕಳೆ ಕೊಚ್ಚುವ ಕೆಲಸಕ್ಕೆ ಲೆನ್ಸ್ ಬೇಡ, ಕನ್ನಡಕ ಹಾಕಿ. ಎಲೆಯೋ ಕಡ್ಡಿಯೋ ಕಣ್ಣಿಗೆ ಹೊಡೆದರೆ ಶಿಲೀಂಧ್ರದ ಸೋಂಕು ತಗಲಬಹುದು.

ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವುದು, ನೋಟ ಮಸುಕು, ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ ತಕ್ಷಣ ಲೆನ್ಸ್ ತೆಗೆದು ಅವತ್ತೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಡ್ರಾಪ್ಸ್ ತಂದು ಹಾಕಿದರೆ ಕೆಂಪು ಇಳಿಯಬಹುದು, ಆದರೆ ಶಿಲೀಂಧ್ರವಿದ್ದರೆ ಅದು ಒಳಗೊಳಗೇ ಹಬ್ಬುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಬೇಡಿ. ತೆಗೆದ ಲೆನ್ಸ್, ಡಬ್ಬಿ, ಸಲ್ಯೂಷನ್ ಬಾಟಲಿ ಮೂರನ್ನೂ ಜೊತೆಗೆ ಒಯ್ಯಿರಿ. ಯಾವ ಕ್ರಿಮಿ ಎಂದು ಲ್ಯಾಬಿನಲ್ಲಿ ಪತ್ತೆ ಹಚ್ಚಲು ಅವೂ ಬೇಕಾಗುತ್ತವೆ.