ಕೋಲು ಮುಂದಕ್ಕೆ, ಕಾಲು ಎದುರಿಗೆ

ಕೇಳುಗರೇ, ನಮಸ್ಕಾರ. ಬೆಳಗಾವಿಯ ಸಾಂಬ್ರಾ ಸುತ್ತಮುತ್ತ ಇರುವವರಿಗೆ ತಲೆ ಮೇಲೆ ಸುತ್ತುವ ಪುಟ್ಟ ತರಬೇತಿ ವಿಮಾನಗಳು ಹೊಸದಲ್ಲ. ಇಂಥ ವಿಮಾನ, ಅದರಲ್ಲೂ ಹಳೆಯ ಕಾಲದ್ದು, ಗಾಳಿಯಲ್ಲಿ ಹಿಡಿತ ತಪ್ಪಿದರೆ ಪೈಲಟ್ ಏನು ಮಾಡಬೇಕು?

ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಸ್ಟಾಲ್ ಆಗಬಹುದು. ಎದುರು ಗಾಳಿಗೆ ರೆಕ್ಕೆ ಸುಮಾರು 15 ಡಿಗ್ರಿಗಿಂತ ಜಾಸ್ತಿ ಓರೆಯಾದರೆ, ಅದರ ಬೆನ್ನಿಗೆ ಅಂಟಿ ಹರಿಯುತ್ತಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ. ಎತ್ತುವ ಬಲ ಕುಸಿಯುತ್ತದೆ. ಅದೇ ಸ್ಟಾಲ್. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ, ಸ್ಟಾಲ್ ಆಗುವ ವೇಗವೇ ಸುಮಾರು ಶೇ. 40ರಷ್ಟು ಮೇಲೇರುತ್ತದೆ.

1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ಎಂಬ ತರಬೇತಿ ವಿಮಾನದಲ್ಲಿ ಎಚ್ಚರಿಸುವ ಹಾರ್ನ್ ಇಲ್ಲ. ಮೇಲಿನ-ಕೆಳಗಿನ ರೆಕ್ಕೆಗಳ ನಡುವಿನ ತಂತಿಗಳ ಶಿಳ್ಳೆ ತಗ್ಗುತ್ತದೆ, ವಿಮಾನದ ಮೂಗು ಏರಿಳಿಸುವ, ರೆಕ್ಕೆ ವಾಲಿಸುವ ಕೈಕೋಲು ಸಡಿಲ ಅನ್ನಿಸುತ್ತದೆ. ಅಷ್ಟೇ ಸೂಚನೆ. ನಮ್ಮ ಎಚ್‌ಎಎಲ್ ಕಟ್ಟಿದ, 1958ರ ಪುಷ್ಪಕ್‌ನಲ್ಲೂ ಫ್ಲೈಯಿಂಗ್ ಕ್ಲಬ್‌ಗಳ ಎಷ್ಟೋ ಹುಡುಗರು ಹೀಗೆ ಮೈಯೆಲ್ಲ ಕಿವಿಯಾಗಿಸಿಕೊಂಡೇ ಕಲಿತರು. ಇದಕ್ಕಿಂತ ಒಳ್ಳೆಯ ಕಲಿಕೆ ಇಲ್ಲ ಅಂತಲೇ ನನ್ನ ನಂಬಿಕೆ.

ಸ್ಟಾಲ್ ಆಗುವಾಗ ವಿಮಾನ ಅಡ್ಡ ಜಾರುತ್ತಿದ್ದರೆ ಒಂದು ರೆಕ್ಕೆ ಮೊದಲು ಸೋಲುತ್ತದೆ. ವಿಮಾನ ಆ ಕಡೆ ಮಗುಚಿ, ಬುಗುರಿಯಂತೆ ಸುತ್ತುತ್ತಾ ಬೀಳುತ್ತದೆ. ಅದೇ ಸ್ಪಿನ್. ಭಯಬಿದ್ದ ಕೈ ಕೋಲನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಬಿದ್ದ ರೆಕ್ಕೆಯನ್ನು ಏಲರಾನ್‌ನಿಂದ, ಅಂದರೆ ರೆಕ್ಕೆ ತುದಿಯ ಹಿಂಬದಿಯ ಮಡಚುಪಟ್ಟಿಯಿಂದ, ಎತ್ತಲು ನೋಡುತ್ತದೆ. ಎರಡರಿಂದಲೂ ಸ್ಪಿನ್ ಇನ್ನಷ್ಟು ಬಿಗಿಯಾಗಬಹುದು. 1912ರಲ್ಲಿ ಇಂಥ ಸ್ಪಿನ್‌ಗೆ ಸಿಕ್ಕ ಇಂಗ್ಲೆಂಡಿನ ಪೈಲಟ್ ವಿಲ್ಫ್ರೆಡ್ ಪಾರ್ಕ್ ಮೊದಲು ಸುತ್ತಿನ ದಿಕ್ಕಿಗೇ ರಡರ್, ಅಂದರೆ ಮೂಗು ಎಡಬಲ ತಿರುಗಿಸುವ ಬಾಲದ ಹಲಗೆಯನ್ನು, ಕಾಲಿನಿಂದ ಒತ್ತಿದರು. ಫಲ ಕಾಣಲಿಲ್ಲ. ಕೊನೇ ಗಳಿಗೆಯಲ್ಲಿ ಎದುರು ರಡರ್ ಒತ್ತಿ, ನೆಲ ಹತ್ತಿರ ಬಂದಾಗ ಪಾರಾದರು.

ಇವತ್ತಿಗೂ ಮುಖ್ಯ ದಾರಿ ಅದೇ. ಎಂಜಿನ್ ಬಲ ಹೆಚ್ಚು-ಕಡಿಮೆ ಮಾಡುವ ಥ್ರಾಟಲ್ ಮುಚ್ಚಿ, ಏಲರಾನ್ ನಡುವಿಗೆ ತಂದು, ಸುತ್ತಿನ ಎದುರು ರಡರ್ ಪೂರ್ತಿ ಒತ್ತಿ, ಕೋಲು ಮುಂದಕ್ಕೆ ತಳ್ಳಬೇಕು. ಸುತ್ತು ನಿಂತ ಕೂಡಲೇ ರಡರ್ ನಡುವಿಗೆ ಬರಬೇಕು, ಇಲ್ಲದಿದ್ದರೆ ಇನ್ನೊಂದು ಕಡೆ ಸುತ್ತು ಶುರುವಾದೀತು. ಆಮೇಲೆ ಮೆಲ್ಲಗೆ ಮೂಗೆತ್ತಬೇಕು. ವಿಮಾನದಿಂದ ವಿಮಾನಕ್ಕೆ ವ್ಯತ್ಯಾಸ ಇರುತ್ತದೆ, ಹಾಗಾಗಿ ಅದರದೇ ಕೈಪಿಡಿಯ ಮಾತೇ ಕೊನೆ.

ಒಂದು ಸುತ್ತಿಗೇ ನೂರಾರು ಅಡಿ ಎತ್ತರ ಹೋಗಿಬಿಡುತ್ತದೆ. ನಮ್ಮ ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಸಮುದ್ರಮಟ್ಟದ ಲೆಕ್ಕದಲ್ಲಿ ಎತ್ತರ ಹೇಳುವ ಆಲ್ಟಿಮೀಟರ್ 4,500 ಅಡಿ ತೋರಿಸಿದರೂ ಕಾಲ ಕೆಳಗೆ ಇರುವುದು ಬರೀ 2,000 ಅಡಿ, ಅಲ್ವಾ?

ನನಗೆ ನಿಜಕ್ಕೂ ಕಳವಳ ತರುವುದು ಇಳಿಯುವ ಮುಂಚಿನ ಕೊನೆಯ ತಿರುವು. ಗಾಳಿ ತಳ್ಳಿ ವಿಮಾನ ರನ್‌ವೇ ನೇರ ದಾಟಿ ಹೋಗಿರುತ್ತದೆ. ಜಾಸ್ತಿ ವಾಲಿಸಲು ಹೆದರಿ ಪೈಲಟ್ ರಡರ್‌ನಿಂದ ಮೂಗು ತಿರುಗಿಸುತ್ತಾರೆ, ಜೊತೆಗೆ ಕೋಲು ಎಳೆಯುತ್ತಾರೆ. 500 ಅಡಿಯಲ್ಲಿ ಸ್ಪಿನ್ ಶುರುವಾದರೆ ಕಲಿತ ಯಾವ ಉಪಾಯಕ್ಕೂ ಎತ್ತರ ಸಾಲದು. ಅಲ್ಲಿ ರನ್‌ವೇ ತಪ್ಪಿತು ಅನ್ನಿಸಿದ ಕೂಡಲೇ ರೆಕ್ಕೆ ಸಮ ಮಾಡಿ, ಥ್ರಾಟಲ್ ಕೊಟ್ಟು, ಇನ್ನೊಂದು ಸುತ್ತು ಹಾಕಿ ಬರಬೇಕು.