ತಲೆ, ಬಾಲ ಮತ್ತು ಒಂದು ಉಂಗುರ

ಗೆಳೆಯರೇ, ಪ್ರಯೋಗಾಲಯಗಳಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಎಂದರೆ ಹೆಚ್ಚಾಗಿ 168 ಎಂಬ ತಳಿ. ಆ ಜಾತಿ ಹೆಸರು ಮಾಡಿರುವುದು ಸರ್ಫ್ಯಾಕ್ಟಿನ್‌ಗೆ: ನೀರನ್ನು ಒಲಿಯುವ ತಲೆ, ಎಣ್ಣೆಯನ್ನು ಒಲಿಯುವ ಬಾಲ ಇರುವ, ಸೋಪಿನಂಥ ಅಣು. ಆದರೆ ಈ ತಳಿ ಅದನ್ನು ತಯಾರಿಸುವುದೇ ಇಲ್ಲ. ಬೇಕಾದ ದೊಡ್ಡ ದೊಡ್ಡ ಜೀನ್‌ಗಳೆಲ್ಲ ಇವೆ, ಎಸ್‌ಎಫ್‌ಪಿ ಎಂಬ ಪುಟ್ಟದೊಂದು ಮಾತ್ರ ಕೆಟ್ಟಿದೆ. ಅದನ್ನು ಸರಿಪಡಿಸಿ ನೋಡಿ, ತಯಾರಿಕೆ ಶುರುವಾಗುತ್ತದೆ.

ಯಾಕೆ ಹೀಗೆ? ಸರ್ಫ್ಯಾಕ್ಟಿನ್ ಜೀವಕೋಶದಲ್ಲಿ ಪ್ರೋಟೀನ್ ಹೆಣೆಯುವ ರೈಬೋಸೋಮಿನಲ್ಲಿ ಹುಟ್ಟುವುದಿಲ್ಲ. ಅದಕ್ಕೆಂದೇ ಬೃಹತ್ ಕಿಣ್ವಗಳ ಒಂದು ಸಾಲಿದೆ, ಅದರಲ್ಲಿ ಏಳು ಘಟಕ. ಒಂದೊಂದು ಘಟಕ ಒಂದೊಂದು ಅಮೈನೋ ಆಮ್ಲ ಸೇರಿಸಿ, ಬೆಳೆಯುತ್ತಿರುವ ಸರಪಳಿಯನ್ನು ಮುಂದಿನದಕ್ಕೆ ದಾಟಿಸುತ್ತದೆ. ಹಾಗೆ ದಾಟಿಸುವ ತೋಳನ್ನು ಘಟಕಗಳಿಗೆ ಜೋಡಿಸುವುದೇ ಎಸ್‌ಎಫ್‌ಪಿಯ ಕೆಲಸ. ತೋಳಿಲ್ಲದೆ ಕಾರ್ಖಾನೆ ನಿಂತಂತೆಯೇ.

ಮೊದಲ ಅಮೈನೋ ಆಮ್ಲಕ್ಕೆ ಕೊಬ್ಬಿನಾಮ್ಲದ ಬಾಲ ಅಂಟಿರುತ್ತದೆ. ಏಳನೆಯದು ತಿರುಗಿ ಬಂದು ಆ ಬಾಲದ ಬುಡವನ್ನೇ ಹಿಡಿದಾಗ ಉಂಗುರ ಮುಚ್ಚುತ್ತದೆ, ಅಣು ಕಳಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ಸ್ವಾರಸ್ಯ ಈ ಉಂಗುರದಲ್ಲಿದೆ. ಒಂದನೆಯ ಗ್ಲುಟಾಮಿಕ್ ಆಮ್ಲ, ಐದನೆಯ ಆಸ್ಪಾರ್ಟಿಕ್ ಆಮ್ಲ: ಸರಪಳಿಯಲ್ಲಿ ದೂರದವು, ಉಂಗುರದಲ್ಲಿ ಒಂದೇ ಬದಿಗೆ ಬಂದು ಏಡಿಯ ಕೊಂಡಿಯಂತೆ ಕ್ಯಾಲ್ಸಿಯಂ ಹಿಡಿಯುತ್ತವೆ. ನೀರನ್ನು ಒಲ್ಲದ ಲ್ಯೂಸಿನ್, ವ್ಯಾಲಿನ್‌ಗಳು ಬಾಲದ ಕಡೆಗೆ. ಒಟ್ಟು ಆಕಾರ ಕುದುರೆಯ ಜೀನಿನಂತೆ (ಇದು ಸವಾರನ ಜೀನು, ವಂಶವಾಹಿಯಲ್ಲ!). ಲೀಟರಿಗೆ ಕೆಲವು ಹತ್ತು ಮಿಲಿಗ್ರಾಂ ಇದ್ದರೂ ನೀರಿನ ಮೇಲ್ಮೈ ಎಳೆತ (ಮೇಲ್ಪದರದ ಬಿಗಿತ) ಮೀಟರಿಗೆ 72 ಮಿಲಿನ್ಯೂಟನ್‌ನಿಂದ ಸುಮಾರು 27ಕ್ಕೆ ಕುಸಿಯುತ್ತದೆ. ಉಂಗುರ ಬಿಚ್ಚಿದಿರೋ, ಹೆಚ್ಚುಕಡಿಮೆ ಅದೇ ಪರಮಾಣುಗಳಿದ್ದರೂ ಬಲ ಕುಗ್ಗುತ್ತದೆ. ಬಾಲದ ಮಾತೂ ಇದೆ: 13ರಿಂದ 15 ಇಂಗಾಲಕ್ಕೆ ಉದ್ದವಾದಂತೆ ಕೆಂಪು ರಕ್ತಕಣಗಳನ್ನು ಒಡೆಯುವ ಗುಣ ಹೆಚ್ಚುತ್ತದೆ. ಔಷಧಿ ಮಾಡಹೊರಟವರಿಗೆ ಇದೇ ತಲೆನೋವು.

ಸೂಡೊಮೊನಾಸ್ ಎರುಜಿನೋಸಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ರ‍್ಯಾಮ್ನೋಲಿಪಿಡ್ ಎಂಬ ಇಂಥದೇ ಅಣು ತಯಾರಿಸುವ ದಾರಿ ಸರಳ. ತಮ್ಮ ಗುಂಪು ದಟ್ಟವಾಯಿತೆಂಬ ರಾಸಾಯನಿಕ ಸುಳಿವು ಸಿಕ್ಕಾಗ ಮೂರು ಕಿಣ್ವಗಳು ಕೆಲಸಕ್ಕಿಳಿಯುತ್ತವೆ. ಒಂದು ಎರಡು ಕೊಬ್ಬಿನಾಮ್ಲಗಳನ್ನು ಜೋಡಿಸುತ್ತದೆ, ಇನ್ನೊಂದು ರ‍್ಯಾಮ್ನೋಸ್ ಸಕ್ಕರೆ ಸೇರಿಸುತ್ತದೆ, ಮೂರನೆಯದು ಮತ್ತೊಂದು ಸಕ್ಕರೆ. ಸಕ್ಕರೆ ಎರಡಾದರೆ ತಲೆ ದಪ್ಪ, ನೀರಿನ ಒಲವೂ ಹೆಚ್ಚು. ಈ ರ‍್ಯಾಮ್ನೋಲಿಪಿಡ್‌ಗಳ ತಲೆಯಲ್ಲಿರುವ ಆಮ್ಲದ ಗುಂಪಿಗೆ ಕ್ಷಾರೀಯ ದ್ರಾವಣದಲ್ಲಿ ಋಣ ವಿದ್ಯುದಂಶ ಬರುತ್ತದೆ. ತಲೆಗಳು ಪರಸ್ಪರ ತಳ್ಳಿಕೊಂಡು, ಬಾಲ ಒಳಗಿಟ್ಟ ಉಂಡೆಗಳಂಥ ಪುಟ್ಟ ಮಿಸೆಲ್‌ಗಳಾಗುತ್ತವೆ. ಆಮ್ಲೀಯವಾದರೆ ಒತ್ತೊತ್ತಾಗಿ ಕೂತು ಚೀಲಗಳಾಗಬಲ್ಲವು. ಅಣು ಅದೇ, ನೀರಷ್ಟೇ ಬೇರೆ.

ಯೀಸ್ಟ್‌ಗಳು ತಯಾರಿಸುವ, ಸಕ್ಕರೆಯ ತಲೆ ಮತ್ತು ಕೊಬ್ಬಿನಾಮ್ಲದ ಬಾಲ ಇರುವ ಸೊಫೊರೊಲಿಪಿಡ್‌ನಲ್ಲೂ ಉಂಗುರದ್ದೇ ಕಾರುಬಾರು. ಮುಚ್ಚಿದ್ದು ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ತಡೆಯುತ್ತದೆ. ತೆರೆದದ್ದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ನೊರೆಯೂ ಜಾಸ್ತಿ.

ಹಾಗಿದ್ದೂ ಮೇಲ್ಮೈ ಎಳೆತವೊಂದನ್ನೇ ಅಳೆದು ಇಂಥ ಅಣು ತಯಾರಿಸುವ ತಳಿಗಳನ್ನು ಆರಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಎಮಲ್ಸಾನ್ ಎಂಬ ಅಣು ನೋಡಿ. ಸರ್ಫ್ಯಾಕ್ಟಿನ್ ಸುಮಾರು 1,036 ಡಾಲ್ಟನ್ (ಅಣುಗಳ ತೂಕದ ಮಾನ) ತೂಗಿದರೆ ಇದು ಹತ್ತು ಲಕ್ಷದ ಆಸುಪಾಸು. ಮೇಲ್ಮೈ ಎಳೆತವನ್ನು ಅಷ್ಟೇನೂ ಇಳಿಸುವುದಿಲ್ಲ. ಆದರೆ ಎಣ್ಣೆಯ ಹನಿಗೆ ಹಲವು ಕಡೆ ಅಂಟಿ ಕವಚವಾಗುತ್ತದೆ, ಹನಿಗಳು ಮತ್ತೆ ಒಂದಾಗಲು ಬಿಡುವುದಿಲ್ಲ. ಆ ಅಳತೆಯನ್ನೇ ನಂಬಿದ್ದರೆ ಇದು ಮೊದಲ ಸುತ್ತಿನಲ್ಲೇ ಕಸದ ಬುಟ್ಟಿ ಸೇರುತ್ತಿತ್ತು.