ನೂರು ವರ್ಷ ಬಾಳಬೇಕಾದ ಫೈಲು

ಕೇಳುಗರಿಗೆ ನಮಸ್ಕಾರ.

1086ರಲ್ಲಿ ಇಂಗ್ಲೆಂಡಿನ ದೊರೆಯೊಬ್ಬ ತನ್ನ ರಾಜ್ಯದ ಹೊಲ, ಗಿರಣಿ, ಎತ್ತು, ಒಕ್ಕಲು ಎಲ್ಲವನ್ನೂ ಎಣಿಸಿ ಚರ್ಮದ ಹಾಳೆಗಳ ಮೇಲೆ ಬರೆಸಿದ. ಒಂಬೈನೂರು ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿಬಿಸಿ ಅದೇ ಕೆಲಸವನ್ನು ಹೊಸ ಬಗೆಯಲ್ಲಿ ಮಾಡಿತು. ಊರೂರಿನ ಫೋಟೊ, ನಕ್ಷೆ, ಅಂಕಿಅಂಶ, ಶಾಲೆಯ ಮಕ್ಕಳು ಬರೆದ ಟಿಪ್ಪಣಿ ಇವನ್ನೆಲ್ಲ ಹನ್ನೆರಡು ಅಂಗುಲದ ಲೇಸರ್ ಡಿಸ್ಕುಗಳಿಗೆ ಏರಿಸಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕು ಓದುವ ಯಂತ್ರ ಹುಡುಕಿದರೂ ಸಿಗದ ಸ್ಥಿತಿ ಬಂತು. ಕೊನೆಗೆ 2002ರಲ್ಲಿ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ತಂಡ ಹಳೆಯ ಕಂಪ್ಯೂಟರಿನಂತೆಯೇ ನಡೆದುಕೊಳ್ಳುವ ತಂತ್ರಾಂಶ ಬರೆದು ಅದನ್ನು ಮತ್ತೆ ತೆರೆಯಬೇಕಾಯಿತು. ಚರ್ಮದ ಪುಸ್ತಕ ಓದುವುದಕ್ಕೆ ಇಂದಿಗೂ ಬೇಕಿರುವುದು ಲ್ಯಾಟಿನ್ ಬಲ್ಲ ಒಬ್ಬರು ಮತ್ತು ಒಂದು ದೀಪ.

ಮುಂದಿನ ಕಾಲದ ಮಾತು ಬಂದರೆ ರೋಬಾಟು, ಕೃತಕ ಬುದ್ಧಿಮತ್ತೆ, ಮಂಗಳ ಗ್ರಹ ಎನ್ನುತ್ತೇವೆ. ನಾನು ಇಂದು ಹೇಳಹೊರಟಿರುವುದು ಅಷ್ಟು ಮಿಂಚಿನ ವಿಷಯವಲ್ಲ. ಇವತ್ತು ಬರೆದಿಟ್ಟದ್ದು ಅವತ್ತು ಓದಲು ಸಿಗುತ್ತದೆಯೇ? ಔಷಧದ ಪರೀಕ್ಷೆಯ ದಾಖಲೆ, ಹವಾಮಾನದ ಅಳತೆ, ಅಣೆಕಟ್ಟಿನ ನಕ್ಷೆ ಎಲ್ಲವೂ ಈಗ ಸೊನ್ನೆ ಮತ್ತು ಒಂದುಗಳ ರೂಪದಲ್ಲಿವೆ. 2013ರಲ್ಲಿದ್ದ ವೆಬ್ ಪುಟಗಳ ಪೈಕಿ ಶೇಕಡಾ 38ರಷ್ಟು 2023ರ ಹೊತ್ತಿಗೆ ಸಿಗದಂತಾಗಿದ್ದವು ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿತು. ಪುಸ್ತಕವನ್ನು ಅಟ್ಟದ ಮೇಲೆ ಎಸೆದು ಮರೆತರೂ ಅದು ನೂರು ವರ್ಷ ಬಾಳಬಹುದು. ಫೈಲಿಗೆ ಆ ಭಾಗ್ಯವಿಲ್ಲ. ಆಗಾಗ ಯಾರಾದರೂ ಅದನ್ನು ಎತ್ತಿ ನೋಡುತ್ತಿರಬೇಕು.

ಯಾಕೆ ಹೀಗೆ? ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಲ್ಯಾಪ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕಿನ ಬದಲಿಗಿರುವ ಎಸ್‌ಎಸ್‌ಡಿ, ಫೋನಿನೊಳಗಿನ ಸ್ಟೋರೇಜ್ ಎಲ್ಲ ಒಂದೇ ಜಾತಿ. ಒಳಗೆ ಸಾವಿರಾರು ಕೋಟಿ ಕೋಶಗಳು. ಒಂದೊಂದೂ ಎಲೆಕ್ಟ್ರಾನುಗಳನ್ನು ಕೂಡಿಹಾಕಿಕೊಂಡ ಡಬ್ಬಿ, ಅದರ ಸುತ್ತ ತೆಳುವಾದ ನಿರೋಧಕ ಪದರ. ಮೊದಲಿನ ಚಿಪ್ಪುಗಳಲ್ಲಿ ಕೋಶಕ್ಕೆ ಒಂದೇ ಬಿಟ್, ಅಂದರೆ ಒಂದು ಸೊನ್ನೆ ಇಲ್ಲವೇ ಒಂದು ‘ಒಂದು’, ಇರುತ್ತಿತ್ತು, ತುಂಬಿದೆಯೋ ಖಾಲಿಯೋ ಎಂದಷ್ಟೇ ನೋಡಿದರಾಯಿತು. ಈಗ ಅಗ್ಗದ ಚಿಪ್ಪುಗಳಲ್ಲಿ ಒಂದೇ ಕೋಶಕ್ಕೆ ನಾಲ್ಕು ಬಿಟ್ ತುರುಕುತ್ತಾರೆ. ಅಂದರೆ ಅದೇ ಡಬ್ಬಿಯಲ್ಲಿ ಹದಿನಾರು ಮಟ್ಟಗಳನ್ನು ಗುರುತಿಸಬೇಕು. ಒಂದಿಷ್ಟು ಎಲೆಕ್ಟ್ರಾನು ಸೋರಿದರೂ ಹತ್ತನೆಯ ಮಟ್ಟ ಒಂಬತ್ತನೆಯದಾಗಿ ಕಾಣುತ್ತದೆ. ಸಣ್ಣಪುಟ್ಟ ತಪ್ಪುಗಳನ್ನು ಡ್ರೈವ್ ತಾನೇ ತಿದ್ದಿಕೊಳ್ಳುತ್ತದೆ, ಆದರೆ ತಿದ್ದುವುದಕ್ಕೂ ಒಂದು ಮಿತಿಯಿದೆ. ಬರೆದು ಅಳಿಸಿ ಬರೆದು ಅಳಿಸಿ ಪದರ ಸವೆದಿದ್ದರೆ ಸೋರಿಕೆ ಜೋರು, ಸೆಖೆಯಲ್ಲಿ ಇನ್ನೂ ಜೋರು. ಈ ಉದ್ಯಮದ ಮಾನದಂಡವೇ ಏನು ಹೇಳುತ್ತದೆ ಕೇಳಿ: ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ತನ್ನ ಬರವಣಿಗೆಯ ಆಯುಷ್ಯ ಮುಗಿಸಿದ ಮೇಲೆ, ವಿದ್ಯುತ್ ಸಂಪರ್ಕವಿಲ್ಲದೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತದೆ, ನಿಜ. ಆದರೂ ಮದುವೆಯ ಫೋಟೊಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಟ್ಟು ನಿಶ್ಚಿಂತೆಯಾಗಿರುವವರನ್ನು ಕಂಡರೆ ದಿಗಿಲಾಗುತ್ತದೆ.

ಹಾರ್ಡ್ ಡಿಸ್ಕಿನದು ಬೇರೆ ಕಥೆ. ಅದರಲ್ಲಿ ಬರಹ ಕಾಂತೀಯವಾದದ್ದು, ಬೇಗ ಅಳಿಯುವುದಿಲ್ಲ. ಕೈಕೊಡುವುದು ಯಂತ್ರಭಾಗ. ವರ್ಷಗಟ್ಟಲೆ ತಿರುಗದೆ ಕುಳಿತರೆ ಬೇರಿಂಗು, ಓದುವ ತಲೆ, ಹಸಿರು ಬೋರ್ಡಿನ ಮೇಲಿನ ಬಿಡಿಭಾಗ ಇವುಗಳಲ್ಲಿ ಯಾವುದಾದರೂ ಕೆಟ್ಟಿರುತ್ತದೆ. ಬರಹ ಒಳಗೇ ಇದ್ದರೂ ಹೊರಗೆ ಬಾರದು.

ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳು ಈಗಲೂ ಟೇಪನ್ನೇ ನಂಬುತ್ತವೆ ಎಂದರೆ ಹಲವರಿಗೆ ಅಚ್ಚರಿ. ಎಲ್‌ಟಿಒ ಎಂಬ ಜಾತಿಯ ಟೇಪು ಅದು. 2021ರಲ್ಲಿ ಬಂದ ಒಂಬತ್ತನೆಯ ಪೀಳಿಗೆಯ ಒಂದು ಡಬ್ಬಿಯಲ್ಲಿ ಅರ್ಧ ಅಂಗುಲ ಅಗಲದ, ಒಂದು ಕಿಲೋಮೀಟರಿಗೂ ತುಸು ಉದ್ದದ ಟೇಪು ಸುತ್ತಿರುತ್ತದೆ, 18 ಟೆರಾಬೈಟ್, ಅಂದರೆ 18,000 ಗಿಗಾಬೈಟ್, ಹಿಡಿಯುತ್ತದೆ. ತಂಪಾದ ಒಣ ಕೋಣೆಯಲ್ಲಿಟ್ಟರೆ ಮೂವತ್ತು ವರ್ಷ ಬಾಳುತ್ತದೆಂದು ತಯಾರಕರ ಮಾತು. ಆದರೆ ಒಂಬತ್ತನೆಯ ಪೀಳಿಗೆಯ ಯಂತ್ರ ಎಂಟನೆಯದರ ಟೇಪನ್ನು ಓದುತ್ತದೆ, ಏಳನೆಯದನ್ನು ಓದುವುದಿಲ್ಲ. ಟೇಪಿಗೆ ಮೂವತ್ತು ವರ್ಷದ ಆಯುಷ್ಯ, ಅದನ್ನು ಓದುವ ಯಂತ್ರಕ್ಕೆ ಮಾರುಕಟ್ಟೆಯಲ್ಲಿ ಅದರ ಅರ್ಧವೂ ಇಲ್ಲ. 1966 ಮತ್ತು 67ರಲ್ಲಿ ಚಂದ್ರನನ್ನು ಸುತ್ತಿದ ಲೂನಾರ್ ಆರ್ಬಿಟರ್ ನೌಕೆಗಳ ಚಿತ್ರಗಳಿಗೆ ಆದದ್ದೂ ಇದೇ. ಟೇಪುಗಳು ಗಟ್ಟಿಯಾಗಿದ್ದವು. ಅವನ್ನು ಓದುವ, ಫ್ರಿಜ್ಜಿನಷ್ಟು ದೊಡ್ಡ ಯಂತ್ರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. 2008ರ ನಂತರ ಆ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿಯೇ ಚಿತ್ರಗಳನ್ನು ಹೊರತೆಗೆದರು.

ಇನ್ನು, ಹಾಳಾಗುವುದು ಎಂದರೆ ನಿಜಕ್ಕೂ ಏನಾಗುತ್ತದೆ? ಒಂದು ಅಕ್ಷರ ತೆಗೆದುಕೊಳ್ಳೋಣ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ, ಅದರಲ್ಲೂ ಯುಟಿಎಫ್-8 ಎಂಬ ಬಗೆಯಲ್ಲಿ, ಕನ್ನಡದ ‘ಕ’ ಮೂರು ಬೈಟ್‌ಗಳು: 224, 178, 149. ಕೊನೆಯ 149ನ್ನು ಎಂಟು ಬಿಟ್‌ಗಳಲ್ಲಿ ಬರೆದಾಗ ಬಲದಿಂದ ಎರಡನೆಯದು ಸೊನ್ನೆ. ಆ ಒಂದು ಸೊನ್ನೆ ಹೇಗೋ ಒಂದಾಗಿಬಿಟ್ಟರೆ ಸಂಖ್ಯೆ 151 ಆಗುತ್ತದೆ, ಅಕ್ಷರ ‘ಗ’ ಆಗುತ್ತದೆ. ‘ಕುರಿ’ ಎಂದು ಬರೆದಿಟ್ಟದ್ದು ‘ಗುರಿ’ ಆಯಿತು. ಕಂಪ್ಯೂಟರ್ ಏನೂ ದೂರು ಹೇಳುವುದಿಲ್ಲ, ಯಾಕೆಂದರೆ ಎರಡೂ ಸರಿಯಾದ ಪದಗಳೇ. ಬರಿಯ ಪಠ್ಯದ ಫೈಲಾದರೆ ನಷ್ಟ ಆ ಒಂದು ಅಕ್ಷರಕ್ಕೇ ನಿಂತಿತು. ಅದೇ ಫೈಲನ್ನು ಜಿಪ್ ಮಾಡಿ ಕುಗ್ಗಿಸಿದ್ದರೆ ಪೆಟ್ಟು ಬಿದ್ದ ಜಾಗದಿಂದ ಮುಂದಿನದೆಲ್ಲ ಗೋಜಲಾಗಬಹುದು. ಜೆಪೆಗ್ ಫೋಟೊದಲ್ಲಿ ಮೇಲಿನ ಅರ್ಧ ಚೆನ್ನಾಗಿದ್ದು ಕೆಳಗಿನ ಅರ್ಧ ಬೇರೆ ಬಣ್ಣಕ್ಕೆ ತಿರುಗಿ ಪಕ್ಕಕ್ಕೆ ಸರಿದಿರುವುದನ್ನು ನೀವೂ ನೋಡಿರಬಹುದು, ಅದಕ್ಕೆ ಕಾರಣ ಇದೇ. ವಿಡಿಯೊದಲ್ಲಿ ನಡುವೆ ಎಲ್ಲೋ ಪೆಟ್ಟು ಬಿದ್ದರೆ ಕ್ಷಣಕಾಲ ಚಿತ್ರ ಕದಡಿ ಮತ್ತೆ ಸರಿಹೋದೀತು. ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿ ಇರುವ ಭಾಗಕ್ಕೆ ಬಿದ್ದರೆ ಇಡೀ ಫೈಲೇ ತೆರೆಯದು.

ಇದಕ್ಕೆ ಮದ್ದು ಚೆಕ್‌ಸಮ್. ಫೈಲಿನ ಎಲ್ಲ ಬಿಟ್‌ಗಳನ್ನೂ ಅರೆದು ತೆಗೆದ ಒಂದು ಬೆರಳಚ್ಚು ಎನ್ನಿ. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಫೈಲು ಎಷ್ಟೇ ದೊಡ್ಡದಿರಲಿ, 64 ಅಕ್ಷರಗಳ ಒಂದು ಸಾಲು ಬರುತ್ತದೆ. ‘ಕುರಿ’ ‘ಗುರಿ’ಯಾದರೆ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಇದನ್ನು ತೆಗೆಯುವ ಉಪಕರಣ ವಿಂಡೋಸ್, ಲಿನಕ್ಸ್ ಎರಡರಲ್ಲೂ ಮೊದಲೇ ಇರುತ್ತದೆ, ಕೊಳ್ಳಬೇಕಿಲ್ಲ. ನಕಲು ಮಾಡುವ ಮೊದಲೇ ಮೂಲದ ಫೈಲುಗಳ ಚೆಕ್‌ಸಮ್ ತೆಗೆದು ಒಂದು ಪಠ್ಯದ ಫೈಲಿನಲ್ಲಿ ಬರೆದುಕೊಳ್ಳಿ. ಆಮೇಲೆ ನಕಲು ಮಾಡಿ, ಡ್ರೈವನ್ನು ಕಳಚಿ, ಮತ್ತೆ ಸಿಕ್ಕಿಸಿ, ಅಲ್ಲಿನ ಫೈಲುಗಳ ಚೆಕ್‌ಸಮ್ ತೆಗೆದು ತಾಳೆ ನೋಡಿ. ಕಳಚಿ ಸಿಕ್ಕಿಸುವುದನ್ನು ಬಿಡಬೇಡಿ. ಈಗತಾನೇ ಬರೆದದ್ದು ಕಂಪ್ಯೂಟರಿನ ನೆನಪಿನಲ್ಲಿ ಇನ್ನೂ ಇರುವುದರಿಂದ, ಡ್ರೈವನ್ನು ಮುಟ್ಟದೆಯೇ ಅದು ‘ಸರಿಯಿದೆ’ ಎಂದುಬಿಡಬಹುದು. ವರ್ಷಕ್ಕೊಮ್ಮೆ ಇದೇ ತಾಳೆ. ಎರಡು ಪ್ರತಿಗಳು ಬೇರೆಬೇರೆಯಾಗಿ ಕಂಡಾಗ ಯಾವುದು ಸರಿ ಎಂಬ ಜಗಳ ಹತ್ತುತ್ತದಲ್ಲ, ಬರೆದಿಟ್ಟ ಚೆಕ್‌ಸಮ್ ಇದ್ದರೆ ಅದೂ ತೀರಿತು. ಕೆಟ್ಟದ್ದನ್ನು ಎಸೆದು ಒಳ್ಳೆಯದರಿಂದ ಇನ್ನೊಂದು ಪ್ರತಿ ಮಾಡಿದರಾಯಿತು.

ಪ್ರತಿಗಳು ಮೂರಿರಲಿ, ಎರಡು ಜಾತಿಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ ಎಂಬುದು ಹಳೆಯ ನಿಯಮ. ಜನ ಎಡವುವುದು ಬೇರೆ ಕಡೆ. ಫೋನು ಮತ್ತು ಕ್ಲೌಡ್ ತಾವಾಗಿಯೇ ಹೊಂದಿಕೊಳ್ಳುತ್ತಿದ್ದರೆ ಅದನ್ನೇ ಬ್ಯಾಕಪ್ ಎಂದುಕೊಳ್ಳುತ್ತಾರೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಸುಲಿಗೆಯ ವೈರಸ್ ಇಲ್ಲಿನ ಫೈಲಿಗೆ ಬೀಗ ಹಾಕಿದರೆ ಬೀಗ ಹಾಕಿದ ಫೈಲೇ ಅಲ್ಲಿಗೂ ಹೋಗಿ ಕೂರುತ್ತದೆ. ತಂತಿ ಕಳಚಿಟ್ಟ ಪ್ರತಿ ಒಂದಾದರೂ ಬೇಕು. ಅದಕ್ಕೆ ಪಾಸ್‌ವರ್ಡ್ ಹಾಕುವಿರಾದರೆ, ಪಾಸ್‌ವರ್ಡ್ ಬಲ್ಲ ಇನ್ನೊಬ್ಬರು ಇರಲಿ.

ಬಿಟ್‌ಗಳು ಉಳಿದರೂ ಅರ್ಥ ಉಳಿಯದಿರಬಹುದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬೇರೆ ಲಿಪಿಯ ಆಕಾರಗಳನ್ನು ಕೂರಿಸಿದ ಫಾಂಟುಗಳಿದ್ದವು. ಆ ಫಾಂಟು ಕಳೆದುಹೋದರೆ ಫೈಲು ತೆರೆಯುತ್ತದೆ, ಕಾಣುವುದು ಮಾತ್ರ ಅಡ್ಡಾದಿಡ್ಡಿ ಇಂಗ್ಲಿಷ್. ದೀರ್ಘಕಾಲಕ್ಕೆ ಪಠ್ಯವನ್ನು ಯುಟಿಎಫ್-8ರಲ್ಲಿ, ಪುಟವಿನ್ಯಾಸ ಬೇಕಾದದ್ದನ್ನು ಪಿಡಿಎಫ್/ಎ ರೂಪದಲ್ಲಿ ಇಡುವುದು ಲೇಸು. 2005ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಈ ಪಿಡಿಎಫ್/ಎ ಫಾಂಟುಗಳನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರಬೇಕು, ಅದಕ್ಕೆ ಪಾಸ್‌ವರ್ಡಿನ ಬೀಗ ಹಾಕುವಂತಿಲ್ಲ. ಕೋಷ್ಟಕಗಳಿಗೆ ಅಲ್ಪವಿರಾಮದಿಂದ ಬಿಡಿಸಿದ ಬರಿಯ ಪಠ್ಯವಾದ ಸಿಎಸ್‌ವಿ, ಧ್ವನಿಗೆ ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಸಾಕು.

ವಿಜ್ಞಾನಿಗಳು ಇದಕ್ಕಿಂತ ಗಟ್ಟಿ ದಾರಿ ಹುಡುಕುತ್ತಿಲ್ಲವೇ? ಹುಡುಕುತ್ತಿದ್ದಾರೆ. ಮೈಕ್ರೋಸಾಫ್ಟ್ 2019ರಲ್ಲಿ 75 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಗಾಜಿನ ತುಂಡಿನಲ್ಲಿ ಒಂದು ಇಡೀ ಸಿನಿಮಾ, ಅಂದರೆ 75.6 ಗಿಗಾಬೈಟ್, ಬರೆದು ತೋರಿಸಿತು. ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ ಮಿನುಗುವ ಲೇಸರ್ ಗಾಜಿನೊಳಗೆ ಪದರಪದರವಾಗಿ ಸೂಕ್ಷ್ಮ ಗುರುತು ಕೊರೆಯುತ್ತದೆ. ಕುದಿಸಿದರೂ, ಒಲೆಯಲ್ಲಿ ಸುಟ್ಟರೂ ಆ ಗುರುತು ಅಳಿಯಲಿಲ್ಲ. ಓದುವುದಕ್ಕೆ ಮಾತ್ರ ವಿಶೇಷ ಸೂಕ್ಷ್ಮದರ್ಶಕ ಮತ್ತು ಅದರ ಚಿತ್ರಗಳನ್ನು ಬಿಡಿಸುವ ತಂತ್ರಾಂಶ ಬೇಕು. ಲೇಸರ್ ಡಿಸ್ಕಿನ ಹಳೆಯ ಪೇಚು ಇಲ್ಲೂ ಬೆನ್ನು ಬಿಟ್ಟಿಲ್ಲ ಎನ್ನುವುದನ್ನು ಗಮನಿಸಿ.

ಆ ಪೇಚಿನಿಂದ ಪಾರಾಗುವ ಲಕ್ಷಣ ಇರುವುದು ಡಿಎನ್‌ಎಗೆ. ಅದರ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಒಂದೊಂದೂ ಹೆಚ್ಚೆಂದರೆ ಎರಡು ಬಿಟ್ ಹೊರಬಲ್ಲದು. 2017ರಲ್ಲಿ ನ್ಯೂಯಾರ್ಕಿನ ಸಂಶೋಧಕರು ತೋರಿಸಿದ ವಿಧಾನದಲ್ಲಿ ಒಂದು ಗ್ರಾಂ ಡಿಎನ್‌ಎಗೆ 215 ಪೆಟಾಬೈಟ್, ಅಂದರೆ ಎರಡು ಲಕ್ಷ ಟೆರಾಬೈಟಿಗೂ ಮಿಕ್ಕಿ ಹಿಡಿಸುತ್ತದೆ. ಕಷ್ಟ ಇರುವುದು ಬರೆಯುವುದರಲ್ಲಿ. ಉದ್ದದ ಎಳೆ ತಪ್ಪಿಲ್ಲದೆ ಹೆಣೆಯಲು ಬಾರದ್ದರಿಂದ ಅವರು ಮಾಹಿತಿಯನ್ನು 200 ಅಕ್ಷರಗಳ 72,000 ತುಂಡು ಎಳೆಗಳಾಗಿ ಮಾಡಿದರು. ಎಳೆಗಳು ದ್ರವದಲ್ಲಿ ಕಲಸಿಹೋಗುವುದರಿಂದ ಪ್ರತಿಯೊಂದರಲ್ಲೂ ಅದರ ಗುರುತು ಬರೆದಿರಬೇಕು. ಒಂದೇ ಅಕ್ಷರ ನಾಲ್ಕೈದು ಸಲ ಸಾಲಾಗಿ ಬಂದರೆ ಓದುವ ಯಂತ್ರ ಎಣಿಕೆ ತಪ್ಪುತ್ತದೆ, ಹಾಗಾಗಿ ಅಂಥ ಸಾಲುಗಳನ್ನು ಮೊದಲೇ ಜಾಲಾಡಿ ತೆಗೆಯುತ್ತಾರೆ. ಹೆಣೆಯುವುದು ನಿಧಾನ, ದುಬಾರಿ. ಬಾಳಿಕೆಗೇನೂ ಕೊರತೆಯಿಲ್ಲ. ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸಿಕ್ಕ ಇಪ್ಪತ್ತು ಲಕ್ಷ ವರ್ಷ ಹಳೆಯ ಡಿಎನ್‌ಎ ತುಣುಕುಗಳನ್ನು ಓದಿದ ವರದಿ 2022ರಲ್ಲಿ ಬಂತು. ಮನುಷ್ಯನಿಗೆ ಕಾಯಿಲೆ ಇರುವವರೆಗೂ ಡಿಎನ್‌ಎ ಓದುವ ಯಂತ್ರ ಎಲ್ಲಾದರೂ ಇದ್ದೇ ಇರುತ್ತದೆ ಎಂಬುದು ನನಗೆ ಆ 215ಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಈಗಾಗಲೇ ಕೆಲಸ ಮಾಡುತ್ತಿರುವ ಒಂದು ಉಪಾಯ ಉತ್ತರ ಧ್ರುವದ ಬಳಿಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿದೆ. ಮುಚ್ಚಿಹೋದ ಕಲ್ಲಿದ್ದಲ ಗಣಿಯೊಳಗೆ 2017ರಿಂದ ಒಂದು ದಾಖಲೆ ಭಂಡಾರ ನಡೆಯುತ್ತಿದೆ. 2020ರಲ್ಲಿ ಗಿಟ್‌ಹಬ್ ಜಾಲತಾಣದ ಮುಕ್ತ ತಂತ್ರಾಂಶಗಳು, 21 ಟೆರಾಬೈಟ್‌ನಷ್ಟು, 186 ಸುರುಳಿ ಫಿಲ್ಮಿನ ಮೇಲೆ ಅಲ್ಲಿಗೆ ಸೇರಿದವು. ಮಾಹಿತಿ ಕಪ್ಪುಬಿಳಿ ಚುಕ್ಕೆಗಳ ರೂಪದಲ್ಲಿದೆ. ಆ ಚುಕ್ಕೆಗಳನ್ನು ಬಿಡಿಸುವುದು ಹೇಗೆ ಎಂಬ ವಿವರಣೆ ಫಿಲ್ಮಿನ ಮೇಲೆಯೇ ಇದೆ, ಮನುಷ್ಯರು ಓದುವ ಭಾಷೆಯಲ್ಲಿ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಸಾಕು.

ಮನೆಯ ಹಾರ್ಡ್ ಡಿಸ್ಕಿನ ಜೊತೆಗೂ ಅಂಥದೊಂದು ಹಾಳೆ ಇಡಬಹುದು. ಆಮ್ಲವಿಲ್ಲದ ಕಾಗದ, ಸೀಸದ ಕಡ್ಡಿ. ಶಾಯಿ ಒದ್ದೆಯಾದರೆ ಹರಡುತ್ತದೆ. ಒಳಗೆ ಏನಿದೆ, ಯಾರು ಯಾವ ವರ್ಷ ತುಂಬಿದ್ದು, ಯಾವ ಯಾವ ಬಗೆಯ ಫೈಲುಗಳು, ಚೆಕ್‌ಸಮ್ ಪಟ್ಟಿ ಯಾವ ಹೆಸರಿನಲ್ಲಿದೆ, ಉಳಿದೆರಡು ಪ್ರತಿ ಎಲ್ಲಿವೆ, ಕೊನೆಯ ಸಲ ತಾಳೆ ನೋಡಿದ್ದು ಯಾವ ತಾರೀಖು. ಅದರ ಕೆಳಗೆ ಮುಂದಿನ ತಾರೀಖುಗಳಿಗೆಂದು ಹತ್ತು ಖಾಲಿ ಗೆರೆ ಬಿಡಿ.

ನಮಸ್ಕಾರ.